ಪಿಯಾನೊ ಬಿಟ್ಟು ಸಿಂಹಾಸನವೇರಿದ ಕೇಳುಗ

ಕಲಬುರಗಿ ಜಿಲ್ಲೆಯವರಾದ ನಮಗೆ ಜಯಚಾಮರಾಜ ಒಡೆಯರ್ ಎಂಬ ಹೆಸರು ಬಹುಮಟ್ಟಿಗೆ ಸಾಮಾನ್ಯಜ್ಞಾನದ ಪ್ರಶ್ನೆಯೊಂದಕ್ಕೆ ಉತ್ತರ ಮಾತ್ರ. 1956ರ ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದುಗೂಡಿದಾಗ ವಿಶಾಲ ಮೈಸೂರು ರಾಜ್ಯಕ್ಕೆ ಮೊದಲ ರಾಜ್ಯಪಾಲರಾದವರು ಅವರು. ಹಳೆಯ ಮೈಸೂರಿನವರಿಗೆ ಅವರ ಸ್ಮರಣೆಯೊಂದಿಗೆ ದಸರೆ, ಅಂಬಾರಿ, ಅರಮನೆಯ ದೀಪಗಳೆಲ್ಲ ಸೇರಿಕೊಂಡಿವೆ. ನಿಜಾಮರ ಆಳ್ವಿಕೆಯಿಂದ ಬಿಡಿಸಿಕೊಂಡು ಬಂದ ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್ ಕಡೆಯ ಜನಕ್ಕೆ ಅಂಥ ನೆನಪುಗಳಿಲ್ಲ. ನಮ್ಮ ಹಿರಿಯರು ಕಂಡ ಅರಸೊತ್ತಿಗೆ ಬೇರೆ, ಪಟ್ಟ ಪಾಡೂ ಬೇರೆ.

ವಾಡಿ ಜಂಕ್ಷನ್ನಿನ ರೈಲುಗಳ ಸದ್ದಿನ ನಡುವೆ ಬೆಳೆದ ನಾನು ಈ ಅರಸರನ್ನು ಅರಿತದ್ದು ಚರಿತ್ರೆಯ ಪುಸ್ತಕದಿಂದಲ್ಲ, ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರನ ಪಿಯಾನೊ ಧ್ವನಿಮುದ್ರಿಕೆಗಳಿಂದ. ಲಂಡನ್ನಿನಲ್ಲಿ ನೆಲೆಸಿ, ಬಡತನದಲ್ಲಿಯೂ ಅನಾರೋಗ್ಯದಲ್ಲಿಯೂ ದಿನ ನೂಕುತ್ತಿದ್ದ ಆ ಮುದುಕ ತನ್ನ ಕೈಯಿಂದಲೇ ತನ್ನ ಕೃತಿಗಳನ್ನು ನುಡಿಸಿ ಉಳಿಸಿಹೋಗುವುದಕ್ಕೆ ಹಣ ಬಂದದ್ದು ಮೈಸೂರಿನಿಂದ ಎಂದು ತಿಳಿದಾಗ ನನಗಾದ ಆಶ್ಚರ್ಯ ಸಣ್ಣದಲ್ಲ. ಅಂದಿನಿಂದ ಒಡೆಯರ ಬಾಳನ್ನು ನಾನು ಅರಸನೊಬ್ಬನ ಚರಿತ್ರೆಯೆಂದು ಓದುವುದನ್ನು ಬಿಟ್ಟೆ. ನುಡಿಸಬೇಕೆಂದು ಬಯಸಿ, ನುಡಿಸಲಾಗದೆ, ಅಪರೂಪದ ಕೇಳುಗನಾಗಿ ಬೆಳೆದವನೊಬ್ಬನ ಕಥೆಯೆಂದು ಓದತೊಡಗಿದೆ.

ಅವರು ಹುಟ್ಟಿದ್ದು 1919ರ ಜುಲೈ 18ರಂದು, ಮೈಸೂರಿನಲ್ಲಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಹಾಗೂ ಯುವರಾಣಿ ಕೆಂಪುಚೆಲುವಾಜಮ್ಮಣ್ಣಿಯವರ ಏಕೈಕ ಪುತ್ರ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮಕ್ಕಳಿರಲಿಲ್ಲ. ಆ ಕಾಲದ ಮೈಸೂರು ಅರಮನೆಯಲ್ಲಿ ಕರ್ನಾಟಕ ಸಂಗೀತದ ಮಹಾವಿದ್ವಾಂಸರು ಆಸ್ಥಾನವನ್ನು ಅಲಂಕರಿಸಿದ್ದರು; ಅದರ ಪಕ್ಕದಲ್ಲಿಯೇ ಪಾಶ್ಚಾತ್ಯ ವಾದ್ಯಗಳ ವೃಂದವೂ ಇತ್ತು. ಎರಡು ಸಂಗೀತಗಳು ಒಂದೇ ಸೂರಿನಡಿ ಬಾಳುತ್ತಿದ್ದ ಮನೆಯಲ್ಲಿ ಬೆಳೆದ ಹುಡುಗ ಮೊದಲು ಒಲಿದದ್ದು ಪಿಯಾನೊವಿಗೆ. ಮಹಾರಾಜ ಕಾಲೇಜಿನಲ್ಲಿ ಓದಿ 1938ರಲ್ಲಿ ಪದವಿ ಪಡೆದರು. ಮರುವರ್ಷ ಯೂರೋಪಿನ ಪ್ರವಾಸ ಮಾಡಿದರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಮನ್ನಣೆ ಅವರದಾಯಿತು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೋ ಆಗಿ ಆರಿಸಿತು. ಇದು ರಾಜಕುಮಾರನೊಬ್ಬನ ಹೊತ್ತುಕಳೆಯುವ ಹವ್ಯಾಸವಾಗಿರಲಿಲ್ಲ. ವೇದಿಕೆಯೇರಿ ಕಛೇರಿ ನೀಡುವ ಪಿಯಾನೊ ವಾದಕನಾಗಬೇಕೆಂಬ ಆಸೆ ಅವರಿಗಿತ್ತು.

ಆ ಆಸೆಗೆ 1940 ಎಂಬ ಒಂದೇ ವರ್ಷ ತೆರೆಯೆಳೆಯಿತು. ಮಾರ್ಚ್ ತಿಂಗಳಲ್ಲಿ ತಂದೆ ಮುಂಬಯಿಯಲ್ಲಿ ತೀರಿಕೊಂಡರು. ಆಗಸ್ಟ್ 3ರಂದು ದೊಡ್ಡಪ್ಪನವರೂ ಕಣ್ಮುಚ್ಚಿದರು. ಸೆಪ್ಟೆಂಬರ್ 8ರಂದು, ಇಪ್ಪತ್ತೊಂದರ ಹರೆಯದ ಯುವಕ ಮೈಸೂರಿನ ಸಿಂಹಾಸನವೇರಬೇಕಾಯಿತು. ಯೂರೋಪಿನಲ್ಲಿ ಆಗಲೇ ಯುದ್ಧ ಹೊತ್ತಿ ಉರಿಯುತ್ತಿತ್ತು. ಊರಿಂದೂರಿಗೆ ತಿರುಗಿ ನುಡಿಸುವ ಕಲಾವಿದನ ಬದುಕಿಗೂ ಕಡತ, ದರ್ಬಾರು, ದಿವಾನರ ನಡುವಿನ ಬದುಕಿಗೂ ಹೊಂದಾಣಿಕೆ ಸಾಧ್ಯವಿರಲಿಲ್ಲ.

ಕೈಗೂಡದ ಆಸೆಯನ್ನು ಮನುಷ್ಯ ಏನು ಮಾಡುತ್ತಾನೆ ಎಂಬುದು ಅವನ ಗುಣಕ್ಕೆ ಒಂದು ಪರೀಕ್ಷೆ. ಕೆಲವರು ಅದನ್ನು ಹೂತುಬಿಡುತ್ತಾರೆ. ಕೆಲವರು ಮಕ್ಕಳ ಹೆಗಲಿಗೆ ಹೊರಿಸುತ್ತಾರೆ. ಇನ್ನು ಕೆಲವರು ತಮಗೆ ದೊರೆಯದ್ದು ಬೇರೆಯವರಿಗೆ ದೊರೆತದ್ದನ್ನು ಕಂಡು ಕಹಿಯಾಗುತ್ತಾರೆ. ಒಡೆಯರು ಹಿಡಿದದ್ದು ಈ ಮೂರೂ ಅಲ್ಲದ ದಾರಿ. ತಾವು ನುಡಿಸಲಾಗದ್ದನ್ನು ನುಡಿಸಬಲ್ಲವರು ಎಲ್ಲಿದ್ದಾರೆಂದು ಅವರು ಹುಡುಕಿದರು. ಅರಮನೆಯಲ್ಲಿ ಹಲವು ಕಛೇರಿ ಪಿಯಾನೊಗಳಿದ್ದವು, ಬಗೆಬಗೆಯ ಧ್ವನಿವರ್ಧಕಗಳಿದ್ದವು, ಸುಮಾರು ಇಪ್ಪತ್ತು ಸಾವಿರವೆಂದು ಅಂದಾಜು ಮಾಡಲಾಗಿದ್ದ ಗ್ರಾಮಫೋನ್ ತಟ್ಟೆಗಳಿದ್ದವು. ಮೈಸೂರಿನಲ್ಲಿ ಕುಳಿತು ಲಂಡನ್, ಬರ್ಲಿನ್, ವಿಯೆನ್ನಾಗಳ ವಾದನವನ್ನು ಕೇಳಿ, ಒಂದೇ ಕೃತಿಯನ್ನು ಇಬ್ಬರು ನಿರ್ದೇಶಕರು ನಡೆಸಿದ ಬಗೆಯನ್ನು ತೂಗಿನೋಡಿ, ಇದು ಸರಿ, ಇದು ಸಾಲದು ಎಂದು ನಿರ್ಣಯಿಸಬಲ್ಲ ಕಿವಿ ಅವರದಾಗಿತ್ತು.

ಮೆಟ್ನರ್ ಅವರ ಪಾಲಿಗೆ ಈ ಕಿವಿಯೇ ದೈವವಾಗಿ ಒದಗಿತು. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್ ಪಿಯಾನೊ ವಾದಕ ಹಾಗೂ ರಚನಕಾರ; ರಾಖ್ಮನಿನೋವ್ ಅವರ ಆಪ್ತ ಗೆಳೆಯ. ರಾಖ್ಮನಿನೋವ್ ತಮ್ಮ ನಾಲ್ಕನೆಯ ಪಿಯಾನೊ ಕಾನ್ಚೆರ್ಟೊವನ್ನು ಈ ಗೆಳೆಯನಿಗೆ ಅರ್ಪಿಸಿದ್ದರು. ಆದರೆ ಗೆಳೆಯನಿಗೆ ದೊರೆತ ಜಗದ್ವಿಖ್ಯಾತಿ ಮೆಟ್ನರ್‌ಗೆ ದೊರೆಯಲಿಲ್ಲ. ಕ್ರಾಂತಿಯ ನಂತರ 1921ರಲ್ಲಿ ರಷ್ಯ ತೊರೆದು, ಜರ್ಮನಿ, ಫ್ರಾನ್ಸ್ ಸುತ್ತಿ, 1930ರ ದಶಕದ ನಡುವಿನಲ್ಲಿ ಲಂಡನ್ ಸೇರಿದರು. ಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಆದಾಯ ನಿಂತಿತು. ಹೊಸ ಕಾಲದ ಸಂಗೀತ ಬೇರೆ ದಾರಿ ಹಿಡಿದಿತ್ತು; ಹಳೆಯ ನಾದಮಾರ್ಗವನ್ನೇ ನಂಬಿದ್ದ ಮೆಟ್ನರ್ ತಮ್ಮ ಕಾಲದಲ್ಲಿಯೇ ಪರದೇಶಿಯಾದರು.

1940ರ ದಶಕದ ಉತ್ತರಾರ್ಧದಲ್ಲಿ ಜಯಚಾಮರಾಜ ಒಡೆಯರು ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ, ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದರು. 1947ರಲ್ಲಿ ಮೆಟ್ನರ್ ಫಿಲ್ಹಾರ್ಮೋನಿಯಾ ವೃಂದದೊಂದಿಗೆ ತಮ್ಮ ಮೂರೂ ಕಾನ್ಚೆರ್ಟೊಗಳನ್ನು ತಾವೇ ನುಡಿಸಿದರು. ಎಲಿಜಬೆತ್ ಶ್ವಾರ್ಜ್‌ಕೋಫ್ ಹಾಡಿದ ಗೀತೆಗಳಿಗೆ ಪಿಯಾನೊ ಸಹಕಾರ ನೀಡಿದರು. ಎರಡು ಪಿಯಾನೊಗಳಿಗೆಂದು ರಚಿಸಿದ ರಷ್ಯನ್ ಕುಣಿತವನ್ನು ಬೆನ್ನೊ ಮೊಯಿಸೆಯಿವಿಚ್ ಜೊತೆಗೂಡಿ ನುಡಿಸಿದರು. ಇದಲ್ಲದೆ ನಾಲ್ಕು ತಂತಿವಾದ್ಯಗಳೂ ಪಿಯಾನೊವೂ ಸೇರಿದ ಪಂಚವಾದ್ಯ ಕೃತಿಯೊಂದಿತ್ತು. ಯೌವನದಲ್ಲಿ ಆರಂಭಿಸಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ತಿದ್ದಿ ತೀಡಿ, ಬದುಕಿನ ಕೊನೆಗೆ ಅದನ್ನವರು ಮುಗಿಸಿದ್ದರು. ಅದೂ ಅವರ ಕೈಯಿಂದಲೇ ದಾಖಲಾಯಿತು. ಕೃತಜ್ಞತೆಯಿಂದ ಮೆಟ್ನರ್ ತಮ್ಮ ಮೂರನೆಯ ಕಾನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1951ರ ನವೆಂಬರ್ 13ರಂದು ಅವರು ಲಂಡನ್ನಿನಲ್ಲಿ ತೀರಿಕೊಂಡರು. ಇಂದು ಪ್ರಪಂಚದ ಯಾವ ಮೂಲೆಯಲ್ಲಿಯಾದರೂ ಪಿಯಾನೊ ವಾದಕನೊಬ್ಬ ಮೆಟ್ನರ್ ಕೃತಿಯನ್ನು ಅಭ್ಯಾಸಕ್ಕೆ ತೆಗೆದುಕೊಂಡರೆ, ರಚಿಸಿದಾತ ಸ್ವತಃ ಹೇಗೆ ನುಡಿಸಿದ್ದನೆಂದು ಕೇಳಿ ನೋಡಬಹುದು. ಆ ಭಾಗ್ಯದ ಹಿಂದೆ ಒಬ್ಬ ಕನ್ನಡ ಅರಸನಿದ್ದಾನೆ.

ಮೆಟ್ನರ್‌ಗೆ ನೀಡಿದ ನೆರವು ಅಲ್ಲಿಗೇ ನಿಲ್ಲಲಿಲ್ಲ. ಫಿಲ್ಹಾರ್ಮೋನಿಯಾ ವೃಂದವನ್ನು 1945ರಲ್ಲಿ ಕಟ್ಟಿದವರು ಧ್ವನಿಮುದ್ರಣ ಕ್ಷೇತ್ರದ ವಾಲ್ಟರ್ ಲೆಗ್. ಯುದ್ಧದಿಂದ ಬಸವಳಿದ ಲಂಡನ್ನಿನಲ್ಲಿ ಹೊಸ ವಾದ್ಯವೃಂದವನ್ನು ಸಾಕುವುದು ಸುಲಭವಿರಲಿಲ್ಲ. ಮಹಾರಾಜರ ಆಹ್ವಾನದ ಮೇರೆಗೆ ಲೆಗ್ ಮೈಸೂರಿಗೆ ಬಂದು ಕೆಲವು ವಾರ ತಂಗಿದರು. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ನೀಡಲು ಒಡೆಯರು ಒಪ್ಪಿದರು. ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆದರು. ಆ ಹಣ ವೃಂದವನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿತು, ಹರ್ಬರ್ಟ್ ಫಾನ್ ಕರಾಯಾನ್ ಅಂಥ ನಿರ್ದೇಶಕನನ್ನು ಕರೆತರಲು ದಾರಿ ಮಾಡಿತು. ಬಾಲಕಿರೆವ್ ಅವರ ಮೊದಲ ಸಿಂಫನಿ, ರೂಸೆಲ್ ಅವರ ನಾಲ್ಕನೆಯ ಸಿಂಫನಿ ಮೊದಲಾದ, ಮಾರುಕಟ್ಟೆಯವರು ಮುಟ್ಟಲು ಹಿಂಜರಿಯುತ್ತಿದ್ದ ಕೃತಿಗಳು ಕರಾಯಾನ್ ಕೈಯಲ್ಲಿ ಧ್ವನಿಮುದ್ರಣಗೊಂಡವು. ಎಲ್ಲರೂ ಬಲ್ಲದ್ದನ್ನು ಬಿಟ್ಟು ಯಾರೂ ಕೇಳದ್ದನ್ನು ಆರಿಸಿದ್ದರಲ್ಲಿ ಈ ಪೋಷಕನ ಅಭಿರುಚಿ ಎದ್ದು ಕಾಣುತ್ತದೆ.

ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಗೀತೆಗಳ ಕಥೆ ಇನ್ನೂ ಮನಕರಗಿಸುವಂಥದು. ಆ ಗೀತೆಗಳನ್ನು ಗಾಯಕಿ ಕರ್ಸ್ಟೆನ್ ಫ್ಲಾಗ್‌ಸ್ಟಾಡ್ ಹಾಡಬೇಕೆಂಬುದು ರಚನಕಾರನ ಬಯಕೆ. 1949ರ ಸೆಪ್ಟೆಂಬರಿನಲ್ಲಿ ಸ್ಟ್ರೌಸ್ ತೀರಿಕೊಂಡರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಫಿಲ್ಹಾರ್ಮೋನಿಯಾ ವೃಂದದೊಂದಿಗೆ ಫ್ಲಾಗ್‌ಸ್ಟಾಡ್ ಅವನ್ನು ಮೊದಲ ಬಾರಿಗೆ ಹಾಡಿದರು. ಕಛೇರಿಗೆ 4,800 ಡಾಲರುಗಳ ಖಾತರಿ ಕೊಟ್ಟವರು ಜಯಚಾಮರಾಜ ಒಡೆಯರು. ಆದರೆ ಸಭೆಯಲ್ಲಿ ಅವರಿರಲಿಲ್ಲ. ಹಾಡುಗಾರಿಕೆಯನ್ನು ತಟ್ಟೆಗಳ ಮೇಲೆ ಮುದ್ರಿಸಿ ಮೈಸೂರಿಗೆ ಕಳುಹಿಸಲಾಯಿತು. ಅಂದಿನ ಸಾವಿರಾರು ಸಭಿಕರ ನಡುವೆ ಕುಳಿತುಕೊಳ್ಳಲಾಗದವನೇ ಆ ಸಂಜೆಯನ್ನು ಮುಂದಿನವರಿಗೆ ಉಳಿಸಿಕೊಟ್ಟನೆಂಬುದು ಈ ಬಾಳಿನ ಸ್ವಾರಸ್ಯಗಳಲ್ಲಿ ಒಂದು.

ಇಲ್ಲಿ ಒಂದು ಕಷ್ಟದ ಪ್ರಶ್ನೆಯನ್ನು ಎದುರಿಸಲೇಬೇಕು. ಆ ಹಣ ಯಾರದು? ಮೈಸೂರಿನ ರೈತ, ಗಂಧದ ಕಾಡು, ಚಿನ್ನದ ಗಣಿಗಳ ಸಂಸ್ಥಾನದ ಸಿರಿ ಲಂಡನ್ನಿನ ವಾದಕರಿಗೆ ಸಂಬಳವಾದದ್ದು ಸರಿಯೆ? 1947ರಲ್ಲಿ ಅದೇ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಜನ ಬೀದಿಗಿಳಿದಿದ್ದರು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬರುವವರೆಗೆ ಚಳವಳಿ ನಿಲ್ಲಲಿಲ್ಲ. ನಮ್ಮ ಸೀಮೆಯ ಸ್ಥಿತಿ ಮತ್ತೂ ಘೋರ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯವರೆಗೆ ರಜಾಕಾರರ ಭಯದಲ್ಲಿ ಹಳ್ಳಿಗರು ಮನೆಮಠ ಬಿಟ್ಟು ಓಡುತ್ತಿದ್ದ ದಿನಗಳವು. ಆ ಹೊತ್ತಿನಲ್ಲಿ ಅರಸನೊಬ್ಬ ರಷ್ಯದ ರಚನಕಾರನ ಕಾನ್ಚೆರ್ಟೊಗಳ ಬಗ್ಗೆ ಚಿಂತಿಸುತ್ತಿದ್ದನೆಂದರೆ ಸಿಟ್ಟು ಬರುವುದು ಸಹಜ.

ಆ ಸಿಟ್ಟನ್ನು ನಾನು ತಳ್ಳಿಹಾಕಲಾರೆ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ನಮ್ಮ ದೇಶೀಯ ಅರಸರಲ್ಲಿ ಅನೇಕರು ತಮ್ಮ ಸಿರಿಯನ್ನು ಮೋಟಾರು, ಮುತ್ತು, ಬೇಟೆ, ಕುದುರೆಜೂಜುಗಳಿಗೆ ಸುರಿದರು. ಅದರಲ್ಲಿ ಏನೂ ಉಳಿಯಲಿಲ್ಲ. ಒಡೆಯರು ಸುರಿದದ್ದು ಕೇಳಿದಷ್ಟೂ ತೀರದ ವಸ್ತುವಿಗೆ. ಮೇಲಾಗಿ ಅಧಿಕಾರವನ್ನು ಬಿಡಬೇಕಾದ ಗಳಿಗೆ ಬಂದಾಗ ಅವರು ಕೊಸರಾಡಲಿಲ್ಲ. 1947ರ ಆಗಸ್ಟಿನಲ್ಲಿಯೇ ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಪಕ್ಕದ ಹೈದರಾಬಾದು ಹಿಡಿದ ಹಟ ನಮ್ಮವರಿಗೆ ಎಷ್ಟು ದುಬಾರಿಯಾಯಿತೆಂಬುದನ್ನು ಬಲ್ಲ ನಾವು ಈ ಸಹಿಯ ಬೆಲೆಯನ್ನು ಹಗುರವಾಗಿ ಎಣಿಸಬಾರದು.

ಇಷ್ಟೆಲ್ಲ ಪಾಶ್ಚಾತ್ಯ ಸಂಗೀತದ ಮಾತಾಡಿದ ಮೇಲೆ ಅವರು ಕರ್ನಾಟಕ ಸಂಗೀತದ ವಾಗ್ಗೇಯಕಾರರೂ ಹೌದೆಂಬುದನ್ನು ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ. ಪಟ್ಟಕ್ಕೆ ಬಂದ ನಂತರ ಆಸ್ಥಾನದ ವಾತಾವರಣ ಅವರನ್ನು ಇತ್ತ ಸೆಳೆಯಿತು. ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಶಾಸ್ತ್ರದ ಒಳಹೊಕ್ಕರು. ಶಿಲ್ಪಿ ಸಿದ್ಧಲಿಂಗಸ್ವಾಮಿಯವರಿಂದ ಶ್ರೀವಿದ್ಯೆಯ ಉಪದೇಶ ಪಡೆದು, ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಸಂಸ್ಕೃತ ಕೃತಿಗಳನ್ನು ರಚಿಸಿದರು. ಒಂದೊಂದಕ್ಕೂ ಬೇರೆ ಬೇರೆ ರಾಗ; ಕೆಲವು ರಾಗಗಳಂತೂ ಹಿಂದೆ ಕೃತಿಗಳನ್ನೇ ಕಾಣದವು. ಪಿಯಾನೊವಿನಲ್ಲಿ ಸ್ವರಗಳು ಇಟ್ಟಲ್ಲಿ ನಿಲ್ಲುತ್ತವೆ. ವೀಣೆಯಲ್ಲಿ ಸ್ವರವೊಂದು ಇನ್ನೊಂದರೊಳಕ್ಕೆ ಜಾರುತ್ತದೆ, ತೂಗುತ್ತದೆ. ಎರಡನ್ನೂ ಅರಿತವನು ಒಂದನ್ನು ಇನ್ನೊಂದರಲ್ಲಿ ಕರಗಿಸಲು ಹೊರಡದೆ, ಎರಡಕ್ಕೂ ಅದರದರ ಮರ್ಯಾದೆ ಕೊಟ್ಟದ್ದು ನನಗೆ ದೊಡ್ಡದೆನಿಸುತ್ತದೆ. ಕೇಂದ್ರ ಸಂಗೀತ ನಾಟಕ ಅಕಾಡೆಮಿ 1966ರಲ್ಲಿ ಫೆಲೋಷಿಪ್ ನೀಡಿ ಅವರನ್ನು ಗೌರವಿಸಿತು.

ಸಂಸ್ಥಾನ ಹೋಗಿ ರಾಜಪ್ರಮುಖರಾದರು. 1956ರಲ್ಲಿ ಆ ಪದವಿಯೂ ಹೋಗಿ ರಾಜ್ಯಪಾಲರಾದರು. ಅಂದೇ ನಮ್ಮ ನಾಡಿನ ನಕ್ಷೆಯೂ ಬದಲಾಯಿತು. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳು ಕನ್ನಡ ರಾಜ್ಯಕ್ಕೆ ಸೇರಿದವು. ನೆರೆಯ ತಾಂಡೂರು, ಕೊಡಂಗಲ್‌ಗಳು ಆಂಧ್ರದ ಪಾಲಾದವು. 1964ರವರೆಗೆ ಒಡೆಯರು ನಮಗೂ ರಾಜ್ಯಪಾಲರಾಗಿದ್ದರು. ಬಳಿಕ ಎರಡು ವರ್ಷ ಮದರಾಸಿನಲ್ಲಿ ಅದೇ ಹುದ್ದೆಯಲ್ಲಿದ್ದರು. ಆದರೆ ಮೈಸೂರಿನ ಸಂಗೀತ ಸಂಪತ್ತು ಆಡಳಿತದ ನಕ್ಷೆಯಂತೆ ಉತ್ತರಕ್ಕೆ ಹರಡಲಿಲ್ಲ. ಅರಮನೆಯ ಪೋಷಣೆಯ ಮಿತಿಯೇ ಅದು. ಒಬ್ಬ ವ್ಯಕ್ತಿಯ ಪ್ರೀತಿಯನ್ನು ನೆಚ್ಚಿದ ಕಲೆ ಆ ವ್ಯಕ್ತಿಯ ಅಂಗಳದಾಚೆ ಬೇರು ಬಿಡುವುದು ಕಷ್ಟ.

ಹಾಗೆಂದು ನಮ್ಮಲ್ಲಿ ಕಿವಿಯಿಲ್ಲವೆಂದಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಬೇರೆಯವರ ವಿಚಾರವನ್ನೂ ಧರ್ಮವನ್ನೂ ತಾಳಿಕೊಳ್ಳುವುದನ್ನೇ ಸಂಪತ್ತೆಂದು ಬಗೆದ ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ್ದು ಆ ಆಸ್ಥಾನದಲ್ಲಿ. ಮಠದ ಜಗುಲಿಯ ಮೇಲೆ ರಾತ್ರಿಯಿಡೀ ತತ್ವಪದ ಹಾಡುವ ಜನ ನಮ್ಮವರು. ಇನ್ನು ಪೇಟಿಯ ಮಾತು. ಭಜನೆ, ಬಯಲಾಟ, ಕಂಪನಿ ನಾಟಕ ಯಾವುದೇ ಇರಲಿ, ಪೇಟಿಯಿಲ್ಲದೆ ನಮ್ಮ ಕಡೆ ಹಾಡು ಏಳುವುದಿಲ್ಲ. ಯೂರೋಪಿನಿಂದ ಬಂದ ಹಾರ್ಮೋನಿಯಂ ಅದು. ಅದರ ಬಿಳಿ-ಕಪ್ಪು ಕೀಲಿಮಣೆ ಪಿಯಾನೊವಿನದೇ. ಒಡೆಯರು ಪಟ್ಟಕ್ಕೆ ಬಂದ 1940ರಲ್ಲಿಯೇ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಪರಕೀಯವೆಂದು ಅದಕ್ಕೆ ಬಾಗಿಲು ಮುಚ್ಚಿತು; ಸಡಿಲಿಸಲು ಮೂರು ದಶಕ ಬೇಕಾಯಿತು. ಹಳ್ಳಿಯ ಭಜನಾ ಮಂಡಳಿಗಳು ಆ ನಿಷೇಧವನ್ನು ಲೆಕ್ಕಿಸಲೇ ಇಲ್ಲ. ಯಾವುದು ನಮ್ಮದು, ಯಾವುದು ಪರಕೀಯ ಎಂಬುದನ್ನು ಕಿವಿ ತೀರ್ಮಾನಿಸಬೇಕೇ ಹೊರತು ಕಚೇರಿಯಲ್ಲ ಎಂಬುದನ್ನು ಅವು ತೋರಿಸಿಕೊಟ್ಟವು.

ಪಿಯಾನೊ ಕಲಾವಿದನಿಗೆ ಒಂದು ವಿಚಿತ್ರ ಪರಾಧೀನತೆಯಿದೆ. ಪಿಟೀಲು, ಸಿತಾರಿನವರು ತಮ್ಮ ವಾದ್ಯವನ್ನು ತಾವೇ ಹೊತ್ತು ತರುತ್ತಾರೆ. ಸುಮಾರು ಅರ್ಧ ಟನ್ ತೂಗುವ ಕಛೇರಿ ಪಿಯಾನೊವನ್ನು ಹೊತ್ತು ತರುವವರಾರು? ಬಂದ ಊರಿನಲ್ಲಿ ಇರುವುದನ್ನೇ ನುಡಿಸಬೇಕು. ಆದ್ದರಿಂದ ಊರಿನಲ್ಲಿ ಪಿಯಾನೊ ಇದೆಯೆಂದರೆ ಎಂದೋ ಬರಲಿರುವ ಅತಿಥಿಗಾಗಿ ಊರು ಕಾದಿದೆಯೆಂದೇ ಅರ್ಥ. ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿ ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗ 1874ರಷ್ಟು ಹಳೆಯದು. ಮುಂಬಯಿ-ಮದರಾಸು ಮಾರ್ಗವೂ ಶಹಾಬಾದ್, ವಾಡಿಗಳ ಮೇಲೆಯೇ ಹೋಗುತ್ತದೆ. ದಾರಿಯ ಕೊರತೆ ನಮಗೆಂದೂ ಇರಲಿಲ್ಲ; ಇಳಿದವರಿಗೆ ನುಡಿಸಲೊಂದು ಕೋಣೆಯ ಕೊರತೆಯಿತ್ತು.

ನಾಲ್ಕೈದು ಮಂದಿ ಕೂಡಿ ನುಡಿಸುವ ಚೇಂಬರ್ ಸಂಗೀತಕ್ಕೆ ದೊಡ್ಡ ಸಭಾಂಗಣ ಬೇಡ, ಮೈಕು ಬೇಡ. ನೂರು ಜನ ಹಿಡಿಸುವ, ಸದ್ದು ಚೆನ್ನಾಗಿ ತಿರುಗುವ ಕೋಣೆ ಸಾಕು. ಹಿಂದೂಸ್ತಾನಿ ಬೈಠಕ್ಕಿಗೂ ತತ್ವಪದಕ್ಕೂ ಬೇಕಾದದ್ದು ಅಂಥದೇ ಕೋಣೆ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಕಟ್ಟುವ ಭವನಗಳಾದರೋ ಮದುವೆಗೂ ಸಮಾವೇಶಕ್ಕೂ ಹೊಂದುವಂಥವು. ಅಲ್ಲಿ ಹಾಡಿದವರ ದನಿ ಧ್ವನಿವರ್ಧಕದ ಅಬ್ಬರದಲ್ಲಿ ಸಾಯುತ್ತದೆ. ಶಹಾಬಾದಿನ ಕಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ವಾಡಿ, ಸೇಡಂ ಸುತ್ತಿನ ಸುಣ್ಣದ ಕಲ್ಲು ಸಿಮೆಂಟಾಗಿ ಊರೂರುಗಳ ಗೋಡೆಯಾಗಿದೆ. ನಮ್ಮದೇ ಸಂಗೀತಕ್ಕೊಂದು ಕೋಣೆಯಾಗಿಲ್ಲ.

ಅರಸರ ಕಾಲ ಮುಗಿಯಿತು, ಮುಗಿಯಬೇಕಾಗಿತ್ತು ಕೂಡ. ಆದರೆ ಅವರು ಬಿಟ್ಟ ಕೆಲಸವನ್ನು ಯಾರು ಮಾಡಬೇಕೆಂಬುದು ತೀರ್ಮಾನವಾಗಿಲ್ಲ. 2013ರ ಕಂಪನಿ ಕಾಯ್ದೆ ದೊಡ್ಡ ಉದ್ಯಮಗಳು ತಮ್ಮ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕೆನ್ನುತ್ತದೆ. ಆ ಕಾರ್ಯಗಳ ಪಟ್ಟಿಯಲ್ಲಿ ಕಲೆ, ಸಂಸ್ಕೃತಿಗಳೂ ಇವೆ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯಿದೆ. ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಮೊದಲ ಹಕ್ಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಉಳಿದುದರಲ್ಲಿ ತಾಲ್ಲೂಕಿಗೊಂದು ಸಣ್ಣ ಸಂಗೀತ ಕೋಣೆ, ಶಾಲೆಗಳಿಗೆ ಸಂಗೀತ ಶಿಕ್ಷಕರು, ಕಲಬುರಗಿಯಲ್ಲಿ ಚೆನ್ನಾಗಿ ಶ್ರುತಿ ಕೂಡಿಸಿಟ್ಟ ಒಂದು ಪಿಯಾನೊ. ಇಷ್ಟು ಕೇಳುವುದು ದುರಾಸೆಯಲ್ಲ. ಪೇಟಿಯ ಮೇಲೆ ಬೆರಳಾಡಿಸುವ ಚಿಂಚೋಳಿಯ ಹುಡುಗಿಗೆ ತನ್ನ ಬೆರಳು ಇನ್ನೆಲ್ಲಿಗೆ ಹೋಗಬಲ್ಲದೆಂದು ತಿಳಿಯುವ ಅವಕಾಶವಾದರೂ ದೊರೆಯಲಿ. ಇಪ್ಪತ್ತೊಂದರಲ್ಲಿ ಪಿಯಾನೊ ಬಿಡಬೇಕಾದ ಯುವಕನ ಬೆರಳಿಗೆ ಸಿಂಹಾಸನ ಅಡ್ಡಬಂತು. ನಮ್ಮ ಮಕ್ಕಳ ಬೆರಳಿಗೆ ಅಡ್ಡಬಂದಿರುವುದು ಬರಿಯ ಉದಾಸೀನ.

ಒಡೆಯರು 1974ರ ಸೆಪ್ಟೆಂಬರ್ 23ರಂದು, ಐವತ್ತೈದರ ಪ್ರಾಯದಲ್ಲಿ ತೀರಿಕೊಂಡರು. ಅದಕ್ಕೆ ಮೂರು ವರ್ಷ ಮೊದಲೇ ರಾಜಧನ ರದ್ದಾಗಿತ್ತು. ಹಿಂದಿನ ವರ್ಷವಷ್ಟೇ ಅವರ ಸಂಸ್ಥಾನದ ಹೆಸರು ಹೋಗಿ ರಾಜ್ಯ ಕರ್ನಾಟಕವಾಗಿತ್ತು. ಪದವಿಗಳೆಲ್ಲ ಒಂದೊಂದಾಗಿ ಅವರಿಂದ ಕಳಚಿಹೋದವು. ಅವರು ಕೇಳಿದ ಸಂಗೀತ, ಅವರು ಕಟ್ಟಿದ ಕೃತಿಗಳು ಇಂದಿಗೂ ಕಛೇರಿಗಳಲ್ಲಿವೆ. ಲಂಡನ್ನಿನ ಆ ವಾದ್ಯವೃಂದ ಇಂದಿಗೂ ನುಡಿಸುತ್ತಿದೆ.